ಕಾರಹುಣ್ಣಿಮೆಯ ರಕ್ತ, ಶ್ರಾವಣದ ರಕ್ತ

ಅವರು ತೀರಿಕೊಂಡ ಸುದ್ದಿ ತಂದವರು ಇಬ್ಬರು. ಶಹಾಬಾದಿನಿಂದ ಚಿತ್ತಾಪುರದವರೆಗೆ ನನ್ನ ಮನೆ ಹುಡುಕಿಕೊಂಡು ಬಂದಿದ್ದರು. ನಾನು ಊಟಕ್ಕೆ ಕುಳಿತಿದ್ದೆ. ಸುದ್ದಿ ಕೇಳಿದೆ, ರೊಟ್ಟಿ ಮುರಿದು ಪುಂಡಿಪಲ್ಯ ಹಚ್ಚಿಕೊಂಡು ಬಾಯಿಗಿಟ್ಟೆ, ಅಗಿದೆ, ನುಂಗಿದೆ. ಬಂದವರು ನನ್ನ ಕಣ್ಣಲ್ಲಿ ನೀರು ಬರುತ್ತದೆಂದು ಸ್ವಲ್ಪ ಹೊತ್ತು ಕಾದರು. ನಾನು ಇನ್ನೊಂದು ರೊಟ್ಟಿ ಹಾಕಿಕೊಂಡೆ.

"ಅಕ್ಕಾರ, ನೀವು ಸಾಹೇಬ್ರ ಕೈಕೆಳಗ ಭಾಳ ವರ್ಷ ಕೆಲಸ ಮಾಡೀರಿ. ನೆನಪಿನ ಪುಸ್ತಕ ತೆಗಿಲಿಕತ್ತೀವಿ. ಎರಡು ಒಳ್ಳೆ ಮಾತು ಬರದು ಕೊಡ್ರಿ," ಎಂದ ಒಬ್ಬಾತ.

"ಒಳ್ಳೆ ಮಾತೇ ಬೇಕೇನ್ರಿ?"

"ಸತ್ತವರ ಬಗ್ಗೆ ಮತ್ತೇನ್ ಬರೀತಾರ್ರಿ?"

ಅದೂ ಖರೆಯೇ. ಸತ್ತ ಎಮ್ಮೆಗೆ ಹಾಲು ಹೆಚ್ಚು. ನಾಲ್ಕು ಸಾಲು ಗೀಚಿ ಕೊಟ್ಟು ಕಳಿಸಿದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಬರೆಯದೆ ಬಿಟ್ಟದ್ದು ಒಳಗೇ ಉಳಿಯಿತು. ಅದನ್ನು ಇಲ್ಲಿ ಹೊರಗೆ ಹಾಕುತ್ತಿದ್ದೇನೆ.

ಹೆಸರು ಬರೆಯುವುದಿಲ್ಲ. ಊರಿಗೆಲ್ಲ ಅವರು ಡಾಕ್ಟರ್ ಸಾಹೇಬ್ರು, ಇಲ್ಲಿಯೂ ಅಷ್ಟೇ. 'ಅವನು' ಎನ್ನುವ ಮಾತು ನಾಲಿಗೆಯ ತುದಿಯವರೆಗೆ ಬರುತ್ತದೆ, ಮುಂದೆ ಬರುವುದಿಲ್ಲ. ಅವರು ಕೊಟ್ಟ ನೌಕರಿಯ ಅನ್ನ ಉಂಡವಳು ನಾನು. ಉಂಡ ಮನೆಯ ಜಂತೆ ಎಣಿಸಬಾರದೆಂದು ನಮ್ಮವ್ವ ಹೇಳುತ್ತಿದ್ದಳು. ಎಣಿಸಲೇಬೇಕಾದ ಜಂತೆಗಳೂ ಇರುತ್ತವೆ.

ಶಹಾಬಾದಿನಲ್ಲಿ ಕಲ್ಲಿನ ಗಣಿಗಳ ಕಡೆಗೆ ಹೋಗುವ ದಾರಿಯಲ್ಲಿ ಒಂದು ಧರ್ಮಾರ್ಥ ದವಾಖಾನೆ ಇತ್ತು. ಈಗ ಇಲ್ಲ, ಆ ಕಟ್ಟಡದಲ್ಲಿ ಯಾರೋ ಫರಸಿ ಕಲ್ಲು ಪೇರಿಸಿಟ್ಟಿದ್ದಾರೆ. ನಾನು ಅಲ್ಲಿ ಪ್ರಯೋಗಶಾಲೆಯ ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತೆರಡು ವರ್ಷ. ಪ್ರಯೋಗಶಾಲೆ ಎಂದರೆ ಒಂದು ಕೋಣೆ, ಒಂದು ಮೇಜು, ಒಂದು ಸ್ಪಿರಿಟ್ ದೀಪ, ಗಾಜಿನ ನಳಿಕೆಗಳು. ಕೆಲಸವೆಂದರೆ ಮಂದಿಯ ಉಚ್ಚೆ ಕಾಯಿಸುವುದು. ನೀಲಿ ದ್ರಾವಣದಲ್ಲಿ ಎಂಟು ಹನಿ ಉಚ್ಚೆ ಹಾಕಿ ಕುದಿಸಬೇಕು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ, ಹಸಿರಾದರೆ ಸ್ವಲ್ಪ, ಹಳದಿಯಾದರೆ ಹೆಚ್ಚು, ಇಟ್ಟಿಗೆಯ ಬಣ್ಣಕ್ಕೆ ಬಂದರೆ ಆ ಮನುಷ್ಯನ ಗತಿ ನೆಟ್ಟಗಿಲ್ಲ. ಆ ವಾಸನೆ ಸೀರೆಗೆ, ಕೂದಲಿಗೆ, ಊಟದ ಡಬ್ಬಿಗೆ ಹತ್ತಿಕೊಳ್ಳುತ್ತಿತ್ತು. ಸಾಹೇಬರು ಅದೇ ಕೋಣೆಯಲ್ಲಿ ಕೂತು, ನಾನು ನಳಿಕೆ ಹಿಡಿದು ನಿಂತಿರುವಾಗಲೇ, ಮಾವಿನಹಣ್ಣು ಹೀರುತ್ತಿದ್ದರು. ಮೊಣಕೈವರೆಗೆ ಇಳಿದ ರಸವನ್ನು ನೆಕ್ಕಿ, "ವಾಸನಿ ಅನ್ನೋದು ಮನಸಿಂದು ತಂಗಿ," ಎನ್ನುತ್ತಿದ್ದರು. ಆಗ ಅದು ನನಗೆ ವೈರಾಗ್ಯದಂತೆ ಕಂಡಿತ್ತು. ಈಗ ನೆನೆಸಿದರೆ ವಾಕರಿಕೆ ಬರುತ್ತದೆ.

ನೌಕರಿಗೆ ಬಂದ ದಿನ ಅವರು ನನ್ನ ಸರ್ಟಿಫಿಕೇಟು ನೋಡಲಿಲ್ಲ.

"ಏನ್ ಓದಿ ತಂಗಿ?"

"ಪಿ.ಯು.ಸಿ. ಸೈನ್ಸ್ ರೀ."

"ಬಾಯಿ ತೆರಿ."

ನಾಲಿಗೆಯ ಮೇಲೆ ಒಂದು ಹಸಿರೆಲೆ ಇಟ್ಟು ಅಗಿ ಎಂದರು. ಕಹಿ. ಸ್ವಲ್ಪ ಹೊತ್ತಿನ ಮೇಲೆ ಕೈಯಲ್ಲಿ ಒಂದು ಪೇಢಾ ಇಟ್ಟು ತಿನ್ನು ಎಂದರು. ಬಾಯಿಗಿಟ್ಟುಕೊಂಡೆ.

"ಹ್ಯಾಂಗದ?"

"ಮಣ್ಣು ತಿಂದಂಗ ಆಗ್ಲಿಕತ್ತದ ರೀ."

ಅವರು ಮಕ್ಕಳಂತೆ ನಕ್ಕರು. "ಪೇಢಾ ಕೆಟ್ಟಿಲ್ಲ. ನಿನ್ನ ನಾಲಿಗಿ ಸಿಹಿ ಮರತದ. ಹಿಂಗೇ ರಕ್ತಕ್ಕೂ ಮರಸಬೇಕು. ಅದೇ ನಮ್ಮ ಕೆಲಸ."

ಅದು ಮಧುನಾಶಿನಿ ಎಲೆ. ಚಿಂಚೋಳಿ ಕಾಡಿನ ಅಂಚಿನ ತೆಲುಗಿನವರು ಪೊಡಪತ್ರಿ ಎನ್ನುತ್ತಾರೆ, ನಮ್ಮ ಹಕೀಮರು ಗುಡಮಾರ ಎನ್ನುತ್ತಾರೆ. ಬಂದವರಿಗೆಲ್ಲ ಸಾಹೇಬರು ಈ ಆಟ ತೋರಿಸುತ್ತಿದ್ದರು. ಎಲ್ಲರೂ ಬೆರಗಾಗುತ್ತಿದ್ದರು. ನಾನೂ ಬೆರಗಾದೆ. ಪೇಢಾದ ಸಕ್ಕರೆ ಹೊಟ್ಟೆಗೆ ಹೋಗಿಯೇ ಇತ್ತು ಎಂಬುದು ಆ ದಿನ ನನಗೆ ಹೊಳೆಯಲಿಲ್ಲ.

ಇನ್ನೊಂದು ಮಾತನ್ನು ಮುಚ್ಚಿಡುವುದಿಲ್ಲ. ಅದೇ ದಿನ ಮಧ್ಯಾಹ್ನ ದವಾಖಾನೆಯ ಉಳಿದ ಮೂರು ಮಂದಿಯ ಎದುರಿಗೆ, "ಇವತ್ತು ಚಹಾ ನೀನೇ ಮಾಡು ತಂಗಿ," ಎಂದರು. ನಮ್ಮಪ್ಪ ಗಣಿಯಲ್ಲಿ ಕಲ್ಲು ಒಡೆಯುತ್ತಿದ್ದವನು, ದೀಕ್ಷೆ ತೆಗೆದುಕೊಂಡು ಬೌದ್ಧನಾದವನು. ನಮ್ಮ ಓಣಿಯ ನೀರನ್ನು ಆ ಮೂವರಲ್ಲಿ ಯಾರೂ ಮುಟ್ಟಿದವರಲ್ಲ. ನಾನು ಚಹಾ ಮಾಡಿ ತಂದೆ. ಸಾಹೇಬರು ಬಸಿಗೆ ಸುರುವಿಕೊಂಡು, ಎಲ್ಲರಿಗೂ ಕೇಳುವಂತೆ ಸುರ್ ಎಂದು ಕುಡಿದು, "ಭಾಳ ಛಲೋ ಆಗ್ಯಾದ," ಎಂದರು. ಅವರು ಕುಡಿದ ಮೇಲೆ ಉಳಿದವರು ಕುಡಿಯಲೇಬೇಕಾಯಿತು. ಮನೆಗೆ ಹೋಗಿ ಹೇಳಿದೆ. ನಮ್ಮಪ್ಪ ಎದ್ದು ಹೊರಗೆ ಹೋದ. ಅತ್ತನೆಂದು ಅವ್ವ ಆಮೇಲೆ ಹೇಳಿದಳು.

ಈ ಒಂದು ಬಟ್ಟಲು ಚಹಾದ ಋಣ ನನ್ನ ಬಾಯನ್ನು ವರ್ಷಗಟ್ಟಲೆ ಕಟ್ಟಿತು.

ನೋಡಲು ಅವರು ಸಾದಾ ಮನುಷ್ಯ. ಬಿಳಿ ಜುಬ್ಬಾ, ಮೂಗಿನ ತುದಿಗಿಳಿದ ಚಾಳೀಸು, ಕಿವಿಯಲ್ಲಿ ಅತ್ತರು ಹಚ್ಚಿದ ಹತ್ತಿ. ಹೈದರಾಬಾದಿನಲ್ಲಿ ಓದಿದವರು, ಉರ್ದುವಿನವರೊಡನೆ ಉರ್ದು, ಸೇಡಂ ಕಡೆಯಿಂದ ಬಂದವರೊಡನೆ ತೆಲುಗು, ನಮ್ಮೊಡನೆ ನಮ್ಮ ಕನ್ನಡ. ದನಿ ಎತ್ತಿದ್ದನ್ನು ನಾನು ಕಂಡಿಲ್ಲ. ರೋಗಿ ಎಷ್ಟೇ ಒದ್ದಾಡಲಿ, ಅವನ ಮಂಡಿಯ ಮೇಲೆ ಕೈಯಿಟ್ಟು ಒಂದೇ ಮಾತು ಹೇಳುತ್ತಿದ್ದರು: "ಗಡಬಡ ಮಾಡಬ್ಯಾಡ್ರಿ. ಗಿಡಕ್ಕ ಟೈಮ್ ಬೇಕು." ಮಂದಿ ಆ ಮಾತನ್ನು ಪ್ರಸಾದದಂತೆ ತೆಗೆದುಕೊಂಡು ಮನೆಗೆ ಹೋಗುತ್ತಿದ್ದರು.

ಗಿಡಗಳ ವಿಷಯದಲ್ಲಿ ಅವರು ಖರೆ ಪಂಡಿತರು, ಅದನ್ನೂ ಹೇಳಿಬಿಡುತ್ತೇನೆ. ಚಿಂಚೋಳಿ ಕಾಡಿಗೆ ಎರಡು ಸಲ ಅವರ ಜೊತೆ ಹೋಗಿದ್ದೆ. ಸೌದೆ ಕಡಿಯುವವರು ತೋರಿಸಿದ ಬಳ್ಳಿಯನ್ನು ಮುಟ್ಟಿ, ಎಲೆಯ ಹಿಂಬದಿಯ ರೋಮವನ್ನು ಉಗುರಿನಿಂದ ಸವರಿ, "ಇದಲ್ಲ, ಇದರ ಅಕ್ಕ," ಎನ್ನುತ್ತಿದ್ದರು. ಜುಬ್ಬಾ ಹರಿದರೂ ಮುಳ್ಳಿನೊಳಗೆ ನುಗ್ಗುತ್ತಿದ್ದರು. ತಮ್ಮ ಬುತ್ತಿಯನ್ನು ಸೌದೆಯವರಿಗೆ ಕೊಟ್ಟು ತಾವು ಕಾರೆಹಣ್ಣು ತಿಂದು ಹೊತ್ತು ಕಳೆದರು. ಇಂಥ ಮನುಷ್ಯ ಸುಳ್ಳು ಮಾಡುತ್ತಾನೆಂದು ಯಾರು ಅಂದುಕೊಳ್ಳುತ್ತಾರೆ? ಪೂರಾ ಕೆಟ್ಟವರನ್ನು ಕಂಡರೆ ನನಗೆ ಇಷ್ಟು ಹೇಸಿಗೆಯಾಗುವುದಿಲ್ಲ. ಅವರಿಂದ ದೂರ ನಿಂತರೆ ಮುಗಿಯಿತು.

ತುರ್ತುಪರಿಸ್ಥಿತಿ ಮುಗಿದ ಮರುವರ್ಷ ಅವರು ದೊಡ್ಡ ಪರೀಕ್ಷೆಗೆ ಕೈಹಾಕಿದರು. ಮಧುನಾಶಿನಿ ಎಲೆ ಮತ್ತು ತಂಗಡಿ ಹೂವಿನ ಕಷಾಯವನ್ನು ಭಟ್ಟಿ ಇಳಿಸಿ ಒಂದು ಸಾರ ತಯಾರಿಸಿದ್ದರು. ಅದು ಸಕ್ಕರೆ ಕಾಯಿಲೆಯನ್ನು ಇಳಿಸುತ್ತದೆಂದು ತೋರಿಸಬೇಕು, ಬೆಂಗಳೂರಿನ ದೊಡ್ಡವರು ಒಪ್ಪಬೇಕು. ಅದಕ್ಕೆ ನಲವತ್ತು ರೋಗಿಗಳನ್ನು ಆರಿಸಿದರು. ಅರ್ಧ ಮಂದಿಗೆ ದೊಡ್ಡ ಜಾಡಿಯ ನಿಜವಾದ ಔಷಧಿ. ಉಳಿದ ಅರ್ಧಕ್ಕೆ ಸಣ್ಣ ಜಾಡಿಯದು. ಅದರಲ್ಲಿ ಔಷಧಿಯೇ ಇಲ್ಲ, ಚಹಾದ ಪುಡಿ ಕುದಿಸಿದ ನೀರು, ಕಹಿಗೆ ಚಿಟಿಕೆ ಕ್ವಿನೈನ್. ಕುಡಿಯುವವರಿಗೆ ಇದು ಗೊತ್ತಾಗಬಾರದು. ಔಷಧಿ ಕುಡಿದವರಿಗೆ ಮಾತ್ರ ಸಕ್ಕರೆ ಇಳಿದು ಚಹಾ ಕುಡಿದವರಿಗೆ ಇಳಿಯದಿದ್ದರೆ, ಆಗ ಗಿಡ ಗೆದ್ದಂತೆ. ಇದನ್ನೆಲ್ಲ ನನಗೆ ಕೂರಿಸಿಕೊಂಡು ಕಲಿಸಿದವರು ಅವರೇ. ಎರಡೂ ಜಾಡಿ ತುಂಬುತ್ತಿದ್ದವಳು ನಾನು. ಯಾವ ನಂಬರಿಗೆ ಯಾವ ಜಾಡಿ ಎಂಬುದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು.

ಹನ್ನೊಂದನೇ ನಂಬರು ಮಾಲನಬಿಯದು. ಅವಳಿಗೆ ಬಂದದ್ದು ಸಣ್ಣ ಜಾಡಿ.

ಮಾಲನಬಿ ಭಂಕೂರಿನ ಬಳೆಗಾರ್ತಿ. ಬಳೆಯ ಮಲಾರ ಹೆಗಲಿಗೆ ಹಾಕಿಕೊಂಡು ಹಳ್ಳಿಯಿಂದ ಹಳ್ಳಿಗೆ ನಡೆದು ಮೂರು ಮಕ್ಕಳನ್ನು ಸಾಕಿದ ವಿಧವೆ. ದಪ್ಪ ಮೈ, ದಪ್ಪ ದನಿ. ದವಾಖಾನೆಯ ಹೊರಗೆ ಕೂತವರನ್ನೆಲ್ಲ ನಗಿಸುತ್ತಿದ್ದಳು. ಅವಳಿಗೆ ದಿನಾ ಬೆಳಿಗ್ಗೆ ಇನ್ಸುಲಿನ್ ಸೂಜಿ ಬೇಕಿತ್ತು. ದಿನಾಲೂ ಶಹಾಬಾದಿಗೆ ಬಂದರೆ ಅವಳ ವ್ಯಾಪಾರ ನಿಲ್ಲುತ್ತದೆಂದು ನಾನೇ ಅವಳ ಮನೆಗೆ ಹೋಗಿ, ಗಾಜಿನ ಸಿರಿಂಜು ಕುದಿಸುವುದು, ತೊಡೆಗೆ ಚುಚ್ಚಿಕೊಳ್ಳುವುದು ಕಲಿಸಿದ್ದೆ. ಔಷಧಿಯ ಶೀಶೆ ತಂಪಾಗಿರಲೆಂದು ಒದ್ದೆ ಉಸುಕು ತುಂಬಿದ ಗಡಿಗೆಯಲ್ಲಿ ಇಡಿಸಿದ್ದೆ. ಮೊದಲ ಸಲ ತಾನೇ ಚುಚ್ಚಿಕೊಂಡಾಗ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, "ಆಯ್ತೇನು ಬೇಟಿ?" ಎಂದಳು. "ಆಯ್ತು ಖಾಲಾ," ಎಂದೆ. ಅಂದಿನಿಂದ ನನ್ನ ಮಾತೆಂದರೆ ಅವಳಿಗೆ ಕೊನೆಯ ಮಾತು.

ಪರೀಕ್ಷೆಯ ಬಾಟಲಿ ಕೊಟ್ಟ ವಾರಕ್ಕೆ ಅವಳು ಅದನ್ನು ಮೂಸಿ ನೋಡಿ ನನ್ನ ಕಡೆ ತಿರುಗಿದಳು.

"ಇದರಾಗ ಚಹಾದ ವಾಸನಿ ಬರ್ತದಲ್ಲ?"

"ಗಿಡದ ವಾಸನಿ ಖಾಲಾ. ಸುಮ್ಮ ಕುಡೀರಿ."

ಅದು ಪರೀಕ್ಷೆಯ ನಿಯಮ, ಹಾಗೇ ಹೇಳಬೇಕಿತ್ತು. ಅಲ್ಲಿಯವರೆಗೆ ನಾನು ತಪ್ಪೇನೂ ಮಾಡಿರಲಿಲ್ಲ.

ಔಷಧಿ ಶುರುಮಾಡುವ ಮೊದಲು ಒಮ್ಮೆ ರಕ್ತ ತೆಗೆಯಬೇಕು, ಎರಡು ತಿಂಗಳ ಮೇಲೆ ಇನ್ನೊಮ್ಮೆ ತೆಗೆದು ಹೋಲಿಸಬೇಕು. ಮೊದಲ ರಕ್ತವನ್ನು ಸಾಹೇಬರು ಕಾರಹುಣ್ಣಿಮೆಯ ಮರುದಿನಕ್ಕೆ ಇಟ್ಟರು. "ಅವತ್ತು ಗಣಿ ಬಂದ್ ಇರ್ತದ, ಮಂದಿ ಪುರಸೊತ್ತಾಗಿ ಬರ್ತಾರ," ಎಂದರು. "ಉಂಡೇ ಬರ್ರಿ, ಹಸದು ಬರಬ್ಯಾಡ್ರಿ," ಎಂದು ಎಲ್ಲರಿಗೂ ಹೇಳಿ ಕಳಿಸಿದರು. ಬಡವರ ಹಸಿವಿನ ಮೇಲೆ ಎಂಥ ಕರುಣೆ ಎಂದುಕೊಂಡೆ. ಮಾವಿನ ಕಾಲ. ಹೋಳಿಗೆಯ ಮೇಲೆ ಸೀಕರಣಿ ಸುರಿದುಕೊಂಡು ಉಂಡು, ಇನ್ನೂ ತೇಗುತ್ತ ಬಂದರು ಮಂದಿ. ನಮ್ಮ ಕಡೆ ಹಬ್ಬದ ಹೋಳಿಗೆ ಪಕ್ಕದ ಮುಸಲ್ಮಾನರ ಮನೆಗೂ ಹೋಗುತ್ತದೆ. ಮಾವಿನಹಣ್ಣಿಗಂತೂ ಜಾತಿಯೇ ಇಲ್ಲ. ಅವತ್ತು ನಾನು ಕುದಿಸಿದ ನಳಿಕೆಗಳೆಲ್ಲ ಇಟ್ಟಿಗೆಯ ಬಣ್ಣಕ್ಕೆ ಬಂದವು. ರಕ್ತದ ಲೆಕ್ಕವೂ ಹಾಗೇ ಬಂತು.

ಎರಡನೆಯ ರಕ್ತ ಶ್ರಾವಣದಲ್ಲಿ. ಆ ವರ್ಷ ಒಂದೇ ಅಮಾವಾಸ್ಯೆಯ ಬೆನ್ನಿಗೆ ಶ್ರಾವಣವೂ ರಂಜಾನೂ ಕೂಡಿಯೇ ಬಂದಿದ್ದವು. ಓಣಿಗೆ ಓಣಿಯೇ ಉಪವಾಸ. ಸಾಹೇಬರು ಹಿಂದೂಗಳನ್ನು ಸೋಮವಾರ ಹೊತ್ತು ಏರಿದ ಮೇಲೆ ಬರಹೇಳಿದರು. ಆ ಮಂದಿ ಸಂಜೆಯವರೆಗೆ ಬಾಯಿಗೆ ಏನೂ ಹಾಕುವವರಲ್ಲ. ಮುಸಲ್ಮಾನರನ್ನು ಅಸರ್ ನಮಾಜಿನ ಹೊತ್ತಿಗೆ, ಅಂದರೆ ಇಡೀ ದಿನದ ಉಪವಾಸ ಮುಗಿಯಲು ಬಂದ ಸಂಜೆಗೆ ಬರಹೇಳಿದರು. ರಕ್ತ ತೆಗೆದರೆ ರೋಜಾ ಮುರಿಯುತ್ತದೋ ಏನೋ ಎಂದು ಅವರೆಲ್ಲ ಅಂಜಿದಾಗ ಸಾಹೇಬರು ತಾವೇ ಹೋಗಿ ಮೌಲ್ವಿಯವರನ್ನು ಕೇಳಿಕೊಂಡು ಬಂದರು. ಮುರಿಯುವುದಿಲ್ಲ ಎಂಬ ಮಾತು ತಂದರು. ಇನ್ಸುಲಿನ್ ಸೂಜಿ ಚುಚ್ಚಿಕೊಂಡರೆ ಮುರಿಯುತ್ತದೋ ಎಂದು ಅವರು ಕೇಳಲಿಲ್ಲ. ಮಾಲನಬಿ ರಂಜಾನಿನ ಮೊದಲ ದಿನದಿಂದಲೇ ಸೂಜಿ ಬಿಟ್ಟಿದ್ದಳು. "ರೋಜಾದಾಗ ಚುಚ್ಚಕೊಳ್ಳಂಗಿಲ್ಲ ಬೇಟಿ," ಎಂದಿದ್ದಳು. ನಾನು ಇದನ್ನು ಸಾಹೇಬರಿಗೆ ಹೇಳಿದೆ. ಅವರು ತಲೆಯಾಡಿಸಿದರು, ಅಷ್ಟೇ.

ಹೊತ್ತಿಗೊಂದು ತುತ್ತು ತಿನ್ನುತ್ತಿದ್ದವಳು ಹಗಲಿಡೀ ತಿನ್ನದೆ ಇದ್ದರೆ ಏನಾಗುತ್ತದೆ? ಸೂಜಿ ಇಲ್ಲದೆಯೂ ಅವಳ ಸಕ್ಕರೆ ಇಳಿದಿತ್ತು. ಎಲ್ಲರದೂ ಇಳಿದಿತ್ತು. ನಾನು ಎರಡೂ ಜಾಡಿಯವರ ಲೆಕ್ಕವನ್ನು ಅಕ್ಕಪಕ್ಕ ಬರೆದು ನೋಡಿದೆ, ಇನ್ನೊಮ್ಮೆ ನೋಡಿದೆ, ಹಾಳೆ ಹಿಡಿದುಕೊಂಡು ಸಾಹೇಬರ ಹತ್ತಿರ ಓಡಿದೆ.

"ಸಾಹೇಬ್ರ, ಬರೇ ಚಹಾದ ನೀರು ಕುಡದವರದೂ ಇಳದದ ರೀ."

"ಎಷ್ಟು?"

"ಔಷಧಿ ಕುಡದವರದು ಎಷ್ಟು ಇಳದದೋ ಅಷ್ಟೇ."

ಅವರು ಚಾಳೀಸು ತೆಗೆದು ಜುಬ್ಬಾದ ತುದಿಯಿಂದ ಒರೆಸಿದರು. "ಹಂಚಿಕೊಂಡು ಕುಡದಿರ್ತಾರ ತಂಗಿ. ನಮ್ಮ ಮಂದಿ ಹಂಗೇ. ಉಪ್ಪಿನಕಾಯಿ ಹಂಚಿಕೊಂಡಂಗ ಔಷಧಿನೂ ಹಂಚಿಕೋತಾರ."

"ನಾ ಕೇಳೀನ್ರಿ. ಯಾರೂ ಹಂಚಿಕೊಂಡಿಲ್ಲ."

"ಹಂಗಾದ್ರ ಯಾಕ ಇಳೀತು?" ಮೇಷ್ಟ್ರು ಹುಡುಗಿಯನ್ನು ಕೇಳಿದಂತೆ, ನಗುತ್ತಲೇ ಕೇಳಿದರು.

"ಉಪವಾಸ ರೀ. ಮೊದಲನೇ ಸಲ ಹೋಳಿಗಿ ಉಂಡು ಬಂದಿದ್ರು, ಈಗ ಹಸದು ಬಂದಾರ. ಗಿಡದ್ದಲ್ಲ ಇದು. ಹಬ್ಬದ್ದು."

ಅವರು ಗಾಬರಿಯಾಗುತ್ತಾರೆ, ತಲೆ ಚಚ್ಚಿಕೊಳ್ಳುತ್ತಾರೆ, ಇನ್ನೊಮ್ಮೆ ಪರೀಕ್ಷೆ ಮಾಡೋಣ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟರು.

"ಭಾಳ ಶಾಣ್ಯಾಕಿ ಇದ್ದಿ ತಂಗಿ," ಎಂದರು. "ಈ ಹಾಳಿ ಇಲ್ಲೇ ಬಿಡು."

ಆಗ ತಿಳಿಯಿತು. ಕಾರಹುಣ್ಣಿಮೆಯ ದಿನವನ್ನು ಗೊತ್ತುಮಾಡಿದಾಗಲೇ ಅವರಿಗೆ ಶ್ರಾವಣದ ಲೆಕ್ಕವಿತ್ತು. ಪಂಚಾಂಗ ನೋಡಿ ಮದುವೆಯ ಮುಹೂರ್ತ ಇಟ್ಟಂತೆ ಪರೀಕ್ಷೆಯ ಮುಹೂರ್ತ ಇಟ್ಟಿದ್ದರು. "ಉಂಡೇ ಬರ್ರಿ" ಎಂದದ್ದು ಕರುಣೆಯಲ್ಲ. ಬಡವರ ಹೋಳಿಗೆಯನ್ನೂ ದೇವರ ಹೆಸರಿನ ಅವರ ಉಪವಾಸವನ್ನೂ ತಮ್ಮ ಕಾಗದಕ್ಕೆ ಹಚ್ಚಿಕೊಂಡಿದ್ದರು. ನನ್ನ ತಲೆಯ ಮೇಲಿದ್ದ ಆ ಕೈ ಮೆತ್ತಗೆ, ಬೆಚ್ಚಗೆ ಇತ್ತು. ಇವತ್ತಿಗೂ ಎಣ್ಣೆ ಹಚ್ಚಿಕೊಳ್ಳುವಾಗ ಒಮ್ಮೊಮ್ಮೆ ಅದು ಅಲ್ಲೇ ಇದೆಯೆನಿಸಿ ಮೈಯೆಲ್ಲ ಜುಮ್ಮೆನ್ನುತ್ತದೆ.

ಆಮೇಲೆ ಅವರು ಬೇರೆ ಹಾಳೆ ತೆಗೆದು ಔಷಧಿ ಕುಡಿದವರ ಪಟ್ಟಿಯನ್ನು ಮಾತ್ರ ಬರೆಸಿದರು. ಪಟ್ಟಿ ಮುಗಿದಾಗ, "ಹನ್ನೊಂದನ್ನೂ ಇದರಾಗ ಹಾಕು," ಎಂದರು.

"ಅದು ಸಣ್ಣ ಜಾಡಿ ರೀ."

"ಗೊತ್ತದ. ಸೂಜಿ ಬಿಟ್ಟು ಇಳದಾಕಿ ಅಕಿ ಒಬ್ಬಾಕೇ. ಹಾಕು."

ಹಾಕಿದೆ. ನನ್ನ ದುಂಡನೆಯ ಅಕ್ಷರದಲ್ಲಿ ಹನ್ನೊಂದು ಎಂದು ಬರೆದೆ. ನನ್ನ ನೌಕರಿ ಕಾಯಂ ಆಗುವ ಕಾಗದ ಅವರ ಸಹಿಗೆ ಕಾದಿತ್ತು. ಅದರ ಮಾತನ್ನು ಅವರು ಆಗ ಎತ್ತಲಿಲ್ಲ. ಸಂಜೆ ಮನೆಗೆ ಹೊರಟಾಗ, ಚಪ್ಪಲಿ ಮೆಟ್ಟಿಕೊಳ್ಳುತ್ತ, "ನಿನ್ನ ಕಾಗದ ನಾಳಿಗಿ ಕಳಸ್ತೀನಿ ತಂಗಿ," ಎಂದರು. ಅಷ್ಟು ನಾಜೂಕು ಅವರಿಗೆ ಗೊತ್ತಿತ್ತು.

ಒಂದು ಮಾತು. ಆ ಎಲೆಯ ಮೇಲೆ ನನಗೆ ಸಿಟ್ಟಿಲ್ಲ. ಅದರಲ್ಲಿ ನಿಜವಾಗಿ ಗುಣವಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಇದ್ದರೂ ಇರಬಹುದು. ತಿಳಿದುಕೊಳ್ಳುವ ಒಂದು ದಾರಿ ನಮ್ಮ ಕೈಯಲ್ಲಿತ್ತು, ಅದನ್ನು ಅವರು ಹೊಲಸು ಮಾಡಿದರು. ಗಿಡಕ್ಕೂ ಮೋಸ ಮಾಡಿದ ಮನುಷ್ಯ.

ರಂಜಾನ್ ಮುಗಿದು ಈದ್ ಆದ ಮೇಲೆ ಬೆಂಗಳೂರಿನಿಂದ ಇಬ್ಬರು ದೊಡ್ಡವರು ನೋಡಲು ಬಂದರು. ಅವರಿಗೂ ಎಲೆ ಅಗಿಸಿ ಪೇಢಾ ತಿನ್ನಿಸಿದರು. ಆಮೇಲೆ ಮಾಲನಬಿಯನ್ನು ಕರೆಸಿ ನಿಲ್ಲಿಸಿದರು. "ಈಕಿ ವರ್ಷಗಟ್ಟಲೆ ಸೂಜಿ ಮ್ಯಾಲೆ ಇದ್ದಾಕಿ. ಈಗ ನಮ್ಮ ಔಷಧಿ ಒಂದೇ. ಜರಾ ನಡದು ತೋರಸವ್ವ," ಎಂದರು. ಮಾಲನಬಿ ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದಳು. ದೊಡ್ಡವರ ಎದುರಿಗೆ ಬರಿಗಾಲಲ್ಲಿ ಈ ಗೋಡೆಯಿಂದ ಆ ಗೋಡೆಗೆ ನಡೆದಳು, ತಿರುಗಿದಳು, ಮತ್ತೆ ನಡೆದಳು. ಬಂದವರು ಚಪ್ಪಾಳೆ ತಟ್ಟಿದರು. ಅವಳಿಗೆ ನಾಚಿಕೆಯಾಗಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಸಂತೆಯಲ್ಲಿ ಎತ್ತನ್ನು ನಡೆಸಿ ತೋರಿಸುವುದನ್ನು ನಾನು ನೋಡಿದ್ದೇನೆ. ಅಲ್ಲಿ ಎತ್ತಿನ ಗೊರಸನ್ನಾದರೂ ಎತ್ತಿ ನೋಡುತ್ತಾರೆ.

ದೊಡ್ಡವರು ಊಟಕ್ಕೆ ಹೋದ ಮೇಲೆ ಅವಳು ನನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದಳು.

"ಬೇಟಿ, ಇನ್ನ ಮ್ಯಾಲ ಸೂಜಿ ಬ್ಯಾಡೇ ಬ್ಯಾಡ ಅಂತಾರ ಸಾಹೇಬ್ರು. ಬಿಡಲೇನು?"

"ಸಾಹೇಬ್ರು ಹೇಳ್ಯಾರಲ್ಲ ಖಾಲಾ."

"ಅವರು ಹೇಳಿದ್ದು ಕೇಳೀನಿ, ನನಗ ಕಿವಿ ಅದಾವ. ನೀ ಏನಂತಿ?"

ನನ್ನ ಕಾಯಂ ಕಾಗದ ಬಂದು ಮೂರು ದಿನವಾಗಿತ್ತು. ಕೈಯಲ್ಲಿ ಯಾರದೋ ನಳಿಕೆ ಇತ್ತು, ಅದನ್ನು ದೀಪದ ಮೇಲೆ ತಿರುಗಿಸುತ್ತ ನಿಂತೆ. ಉಪವಾಸ ಮುಗಿದಿದೆ, ನೀನು ಮತ್ತೆ ತಿನ್ನತೊಡಗಿದ್ದಿ, ನಿನಗೆ ಕೊಟ್ಟದ್ದು ಚಹಾದ ನೀರು, ಸೂಜಿ ಬಿಟ್ಟರೆ ಸಾಯುತ್ತಿ ಎಂದು ಹೇಳಲು ಒಂದು ನಿಮಿಷ ಸಾಕಿತ್ತು.

"ಹ್ಞೂಂ ಖಾಲಾ. ಬಿಡ್ರಿ," ಎಂದೆ.

ಅವಳು ನನ್ನ ಗಲ್ಲ ಸವರಿ, ಬೆರಳು ತನ್ನ ಹಣೆಗೆ ಒತ್ತಿ ನೆಟಿಗೆ ಮುರಿದು ಹೋದಳು.

ಭಂಕೂರಿನ ದಾರಿಯಲ್ಲಿ ಎಲ್ಲಿ ನೋಡಿದರೂ ಕಲ್ಲಿನ ಚಕ್ಕೆ. ಸೀತಾಫಲದ ಕಾಲಕ್ಕೆ ಚಪ್ಪಲಿಯೊಳಗೆ ನುಸುಳಿದ ಒಂದು ಚಕ್ಕೆ ಅವಳ ಕಾಲಿನ ಹೆಬ್ಬೆರಳಿನ ಕೆಳಗೆ ಕೊಯ್ದಿತ್ತು. ನೋವೇ ಗೊತ್ತಾಗಿರಲಿಲ್ಲ, ಚಪ್ಪಲಿಯಲ್ಲಿ ರಕ್ತ ಕಂಡ ಮೇಲೆಯೇ ಗೊತ್ತಾದದ್ದು. ದವಾಖಾನೆಗೆ ಬಂದಳು. ಅವಳ ಉಚ್ಚೆಯನ್ನು ನಾನು ಕುದಿಸಿದೆ, ಇಟ್ಟಿಗೆಯ ಬಣ್ಣಕ್ಕಿಂತ ಕೆಂಪಾಯಿತು. ನಳಿಕೆಯನ್ನು ಒಯ್ದು ಸಾಹೇಬರ ಮೂಗಿನ ಮುಂದೆ ಹಿಡಿದೆ. ಅವರು ಅದನ್ನು ಪಕ್ಕಕ್ಕೆ ಸರಿಸಿ, ಮಾಲನಬಿಯ ಮಂಡಿಯ ಮೇಲೆ ಕೈಯಿಟ್ಟು, "ಗಡಬಡ ಮಾಡಬ್ಯಾಡವ್ವ. ಗಿಡಕ್ಕ ಟೈಮ್ ಬೇಕು," ಎಂದರು. ಈ ಸಲ ನಿಜವಾದ ಔಷಧಿಯನ್ನೇ ಎರಡು ಬಾಟಲಿ ಕೊಡಿಸಿದರು. ಮರಳಿ ಸೂಜಿ ಬರೆದರೆ ಬೆಂಗಳೂರಿಗೆ ಹೋದ ಕಾಗದ ಸುಳ್ಳಾಗುತ್ತಿತ್ತು. ಮೂರನೆಯ ವಾರ ಅವಳ ಮಗ ಅವಳನ್ನು ಎತ್ತಿಕೊಂಡು ಪ್ಯಾಸೆಂಜರ್ ಗಾಡಿ ಹತ್ತಿಸಿ ಗುಲ್ಬರ್ಗಕ್ಕೆ ಒಯ್ದ. ಆಗ ಪಾದ ಪೂರಾ ಕಪ್ಪಾಗಿತ್ತು. ಮೊಣಕಾಲಿನ ಕೆಳಗೆ ಕತ್ತರಿಸಿದರು.

ಸುದ್ದಿ ಹೇಳಲು ನಾನು ಹೋದಾಗ ಸಾಹೇಬರು ಸೀತಾಫಲ ತಿನ್ನುತ್ತಿದ್ದರು. "ಅಯ್ಯೋ ಪಾಪ," ಎಂದರು. ಬಾಯಲ್ಲಿದ್ದ ಬೀಜಗಳನ್ನು ಒಂದೊಂದಾಗಿ ಅಂಗೈಗೆ ಉಗುಳಿದರು. "ಬರಿಗಾಲಿಲೆ ಅಡ್ಯಾಡಬ್ಯಾಡ ಅಂತ ಹೇಳಬೇಕಿಲ್ಲೇನು ನೀ?" ಎಂದರು. ಒಂದು ಬೀಜ ಅಂಗೈಯಿಂದ ಜಾರಿ ನನ್ನ ನಳಿಕೆಗಳ ನಡುವೆ ಬಿತ್ತು, ಎಂಜಲು ಹೊಳೆಯುತ್ತಿತ್ತು. ನಾನು ಅದನ್ನು ಚಿಮಟಿಗೆಯಿಂದ ಎತ್ತಿ ಹೊರಗೆ ಎಸೆದು, ಸಾಬೂನು ಹಚ್ಚಿ ಕೈ ತೊಳೆದುಕೊಂಡೆ.

ಅವರ ಬರಹ ಅಚ್ಚಾಯಿತು. ಶಾಲು ಬಂತು, ಹಾರ ಬಂತು. ಕೆಲವು ವರ್ಷದ ಮೇಲೆ ಅವರು ದವಾಖಾನೆ ಬಿಟ್ಟು ಊರಿಗೆ ಹೋದರು, ಅಲ್ಲಿಯೂ ದೊಡ್ಡ ಮನುಷ್ಯರಾಗಿಯೇ ಬಾಳಿ ಸತ್ತರು. ನಾನು ಸರಕಾರಿ ಕೆಲಸ ಸಿಕ್ಕ ಮೇಲೆ ಚಿತ್ತಾಪುರಕ್ಕೆ ಬಂದೆ. ಅಲ್ಲಿಯವರೆಗೆ ದಿನಾ ಅವರಿಗೆ ನಮಸ್ಕಾರ ಮಾಡಿದ್ದೇನೆ.

ಗುಲ್ಬರ್ಗದಿಂದ ಮಾಲನಬಿ ಮನೆಗೆ ಬಂದಳೆಂದು ಕೇಳಿ ಭಂಕೂರಿಗೆ ಹೋಗಿದ್ದೆ. ಹೋಗುವ ಮೊದಲು ಎಷ್ಟೋ ದಿನ ಹಿಂದೆ ಮುಂದೆ ನೋಡಿದ್ದೆ. ಅವಳು ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಿದ್ದಳು. ಕಾಲಿನ ಮೇಲೆ ಚಾದರ ಹೊದ್ದಿದ್ದಳು. ಒಂದು ಕಡೆ ಅದು ಚಪ್ಪಟೆಯಾಗಿತ್ತು. ಮಲಾರದಲ್ಲಿದ್ದ ಬಳೆಗಳನ್ನೆಲ್ಲ ಸೊಸೆ ಬಿಚ್ಚಿ, ಇನ್ನೊಬ್ಬ ಬಳೆಗಾರನಿಗೆ ಕೊಡಲು ಬಣ್ಣ ಬಣ್ಣಕ್ಕೆ ಬೇರೆ ಮಾಡಿ ದಾರಕ್ಕೆ ಪೋಣಿಸುತ್ತಿದ್ದಳು. ನನಗೆ ಆ ಕಡೆ ನೋಡುವುದಾಗಲಿಲ್ಲ. ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದ ಮಾತನ್ನು ಒಂದೇ ಉಸಿರಿಗೆ ಆಡಿದೆ.

"ಆ ಮನುಷ್ಯಾ ನಿಮ್ಮ ಬಾಳು ಹಾಳು ಮಾಡ್ದ ಖಾಲಾ. ಅವನ ಬಾಯಾಗ ಹುಳ ಬೀಳಲಿ."

ಮಾಲನಬಿ ನನ್ನನ್ನು ನೋಡಿದಳು. ಅವಳಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

"ಸಾಹೇಬ್ರಿಗ್ಯಾಕ ಬೈತಿ ಬೇಟಿ? ಅವರ ಮಾತಿಗಿ ನಾ ಸೂಜಿ ಬಿಟ್ಟಿಲ್ಲ. ಅವರು ಮೂರು ಸಲ ಹೇಳಿದ್ರು, ಆದ್ರೂ ಶೀಶೆ ಗಡಿಗ್ಯಾಗೇ ಇಟ್ಟಿದ್ದೆ. ನೀ ಹ್ಞೂಂ ಅಂದಿ, ಅವತ್ತೇ ಮನಿಗಿ ಬಂದು ಚೆಲ್ಲಿಬಿಟ್ಟೆ."